ಒಂದೂವರೆ ಇಂಚು ಕಡಿಮೆಯಾದ ಹಾಯಿ

ಪೆಟ್ಟಿಗೆಯ ಮುಚ್ಚಳ ತೆಗೆದ ಶಿವಯೋಗಪ್ಪನ ಕೈ ಅಲ್ಲಿಗೇ ನಿಂತುಬಿಟ್ಟಿತು.

ದೋಣಿ ಇತ್ತು. ನಾಲ್ಕು ತಿಂಗಳು ಹಿತ್ತಲಲ್ಲಿ ಕೂತು ಬೂರುಗದ ಮರದಲ್ಲಿ ತಾನೇ ಕೆತ್ತಿ, ಸ್ಯಾಂಡ್‌ಪೇಪರ್ ಹಿಡಿದು ತಿಕ್ಕಿ, ಮೂರು ಸಲ ಬಣ್ಣ ಹೊಡೆದ ಎರಡಡಿ ದೋಣಿ. ಹೊಟ್ಟೆಯ ಕೆಳಗಿನ ಸೀಸದ ತುಂಡು ಹಾಗೇ ಇತ್ತು. ಪಕ್ಕದಲ್ಲಿ ಬಿದಿರಿನ ಹಾಯಿಕಂಬ ಮಲಗಿತ್ತು. ಅದಕ್ಕೆ ಸುತ್ತಿದ್ದ ಹಾಯಿಯನ್ನು ಅವನು ಮೆಲ್ಲಗೆ ಬಿಚ್ಚಿದ. ಬಿಚ್ಚಿದವನು ಕೂಗಿಯೇಬಿಟ್ಟ:

"ಇದು ನನ್ನ ಹಾಯಿ ಅಲ್ಲ!"

ಹರಿಹರದ ಹೊಳೆದಂಡೆಯ ಮೆಟ್ಟಿಲ ಮೇಲೆ ಅಂದು ನಲವತ್ತು ಜನರಾದರೂ ಇದ್ದರು. ಮಾಘದ ಭಾನುವಾರ, ಬೆಳಗಿನ ಎಂಟು ಗಂಟೆ. ಹೊಳೆ ಸೊರಗಿ, ಮೆಟ್ಟಿಲ ಬದಿಯಲ್ಲಿ ನೀರು ಕೆರೆಯ ಹಾಗೆ ನಿಂತಿತ್ತು. ದಾವಣಗೆರೆ–ಹರಿಹರದ ಹಾಯಿದೋಣಿ ಬಳಗದವರು ವರ್ಷಕ್ಕೊಮ್ಮೆ ಪಂದ್ಯ ನಡೆಸುವುದು ಇಲ್ಲಿಯೇ. ಕೈಯಿಂದ ಮಾಡಿದ ದೋಣಿ, ಬರೀ ಗಾಳಿ. ಈ ಮೆಟ್ಟಿಲಿಂದ ಬಿಟ್ಟ ಮೇಲೆ ಯಾರೂ ಮುಟ್ಟುವಂತಿಲ್ಲ. ಆಚೆ ನೆಟ್ಟ ಬಿದಿರುಗಳುವಿನ ಸಾಲನ್ನು ಮೊದಲು ದಾಟಿದ ದೋಣಿ ಗೆದ್ದ ಹಾಗೆ.

ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು ಅಂಜನಕುಮಾರ ಓಡಿ ಬಂದ. ಬಳಗದ ಅಧ್ಯಕ್ಷ, ನಿವೃತ್ತ ಡ್ರಿಲ್ ಮೇಷ್ಟ್ರು.

"ಏನಾತ್ರಿ ಶಿವಯೋಗಪ್ಪಾರೆ?"

"ನೋಡ್ರಿ ಮೇಷ್ಟ್ರೆ, ನೀವೇ ನೋಡ್ರಿ! ಗುರುವಾರ ನಮ್ಮನೆಗೆ ಬಂದು ಅಳತೆ ತಗೊಂಡಿರಲ್ಲ, ಎಷ್ಟಿತ್ತು?"

ಅಂಜನಕುಮಾರ ಪುಸ್ತಕ ತೆಗೆದ. "ಎತ್ತರ ಇಪ್ಪತ್ನಾಲ್ಕು ಇಂಚು. ತಳ ಹದಿನಾರು. ಬಣ್ಣ — ಬೆಣ್ಣೆ ಹಳದಿ."

ಟೇಪು ಹಿಡಿದರು. ಎತ್ತರ ಇಪ್ಪತ್ತೆರಡೂವರೆ. ತಳ ಹದಿನೈದೂವರೆ. ಬಣ್ಣ — ಮಲ್ಲಿಗೆಯಂಥ ಬಿಳುಪು. ಕಂಬದ ತುದಿಗೆ ಬರಬೇಕಾದ ಹಿತ್ತಾಳೆ ಉಂಗುರ ಒಂದೂವರೆ ಇಂಚು ಕೆಳಗೇ ನಿಂತು, ದಾರ ಎಳೆದು ಕಟ್ಟಿತ್ತು.

"ಪೆಟ್ಟಿಗೆ ಎಲ್ಲಿತ್ತು?"

"ಮನ್ಯಾಗೆ. ನಾನು ಶುಕ್ರವಾರ ರಾಣೆಬೆನ್ನೂರಿಗೆ ಗೃಹಪ್ರವೇಶಕ್ಕೆ ಹೋದೋನು, ನಿನ್ನೆ ಸಂಜಿಗೆ ಬಂದೆ. ಪೆಟ್ಟಿಗೆಗೆ ಆಗ್ಲೇ ಪಟ್ಟಿ ಬಿಗಿದಿತ್ತು. ಬಿಚ್ಚಿ ನೋಡ್ಲಿಲ್ಲ." ಅವನು ಹೆಂಡತಿಯ ಕಡೆ ತಿರುಗಿದ. "ನಾ ಇಲ್ಲದಾಗ ಯಾರಾದ್ರೂ ಬಂದಿದ್ರೇನೆ?"

ಬಸವಣ್ಣೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮಸ್ತಾನಸಾಬ್ರು ಬಂದಿದ್ರು. ನಿನ್ನೆ ಮಧ್ಯಾಹ್ನ."

ಅಷ್ಟೇ ಅಂದಳು. ಅಷ್ಟೇ ಸಾಕಾಯಿತು.

ಎಲ್ಲರ ಕಣ್ಣೂ ಕೆಳಗಿನ ಮೆಟ್ಟಿಲ ಕಡೆ ಹೋದವು. ಅಲ್ಲಿ ಮಸ್ತಾನಸಾಬ್ ಮೊಮ್ಮಗಳು ನುಜತ್‌ಳ ದೋಣಿಗೆ ದಾರ ಬಿಗಿಯುತ್ತ ಕೂತಿದ್ದ. ಹರಿಹರದ ಟೈಲರ್. ಬಳಗದ ಎಲ್ಲ ದೋಣಿಗಳ ಹಾಯಿ ಹೊಲಿಯುವ ಕೈ ಅದೊಂದೇ. ನುಜತ್‌ಳ ದೋಣಿಯ ಹಾಯಿ ಬಿಸಿಲಿಗೆ ಹೊಳೆಯುತ್ತಿತ್ತು — ಬೆಣ್ಣೆ ಹಳದಿ.

ಶಿವಯೋಗಪ್ಪ ದಡದಡ ಇಳಿದು ಹೋದ.

"ನನ್ನ ಹಾಯಿ ನಿನ್ನ ಮೊಮ್ಮಗಳ ದೋಣಿಗೆ ಏರಿಸೀಯೇನು? ನನಗ ಈ ತುಂಡು ಅರಿವೆ ಕಟ್ಟಿ ಕಳಿಸ್ತೀಯಾ?"

ಮೂವತ್ತು ವರ್ಷದಲ್ಲಿ ಅವನು ಮಸ್ತಾನಸಾಬನಿಗೆ 'ನೀವು' ಅಂದದ್ದೇ ಹೊರತು 'ನೀನು' ಅಂದವನಲ್ಲ. ಅಂದಾಗಿತ್ತು. ನಲವತ್ತು ಜನ ಕೇಳಿಯೂ ಆಗಿತ್ತು.

"ದಾದಾ, ಏನಂತಿದಾರೆ ಇವ್ರು?" ನುಜತ್ ಎದ್ದು ನಿಂತಳು. ಬಿ.ಎಸ್ಸಿ. ಓದುವ ಹುಡುಗಿ, ದನಿ ಗಟ್ಟಿ. ಶಿವಯೋಗಪ್ಪನ ಕಡೆ ತಿರುಗಿದಳು. "ಅಜ್ಜಾರೆ, ಈ ದೋಣಿ ನಾನು ಮಾಡಿದ್ದು. ಹಾಯಿ ನಂದೇ. ಅಳತೆ ಹಾಕ್ರಿ ಬೇಕಾದ್ರೆ!"

ಅಳತೆ ಹಾಕಿದರು. ಇಪ್ಪತ್ನಾಲ್ಕು, ಹದಿನಾರು. ಪಂದ್ಯಕ್ಕೆ ಅದೇ ಗರಿಷ್ಠ ಅಳತೆ. ದೊಡ್ಡ ದೋಣಿ ಇಟ್ಟವರೆಲ್ಲ ಅಷ್ಟೇ ಹೊಲಿಸುತ್ತಿದ್ದರು, ಬಣ್ಣವೂ ಎಲ್ಲದರದೂ ಅದೇ ಹಳದಿ. ಆದರೆ ಆ ಹೊತ್ತಿನಲ್ಲಿ ಅದು ಯಾರ ತಲೆಗೂ ಹೊಳೆಯಲಿಲ್ಲ.

ಮಸ್ತಾನಸಾಬ್ ಆ ಬಿಳಿ ಹಾಯಿಯನ್ನು ಕೈಗೆ ತೆಗೆದುಕೊಂಡ. ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದ. ಒಮ್ಮೆ ಕತ್ತೆತ್ತಿ ಬಸವಣ್ಣೆಮ್ಮನ ಕಡೆ ನೋಡಿದ. ಆಮೇಲೆ ಹಾಯಿಯನ್ನು ಮಡಿಸಿ ಶಿವಯೋಗಪ್ಪನ ಕೈಗೇ ಇಟ್ಟ.

"ಏನಾದ್ರೂ ಹೇಳ್ರಿ ಸಾಬ್ರೆ," ಅಂದ ಅಂಜನಕುಮಾರ.

"ನಾ ಏನೂ ಹೇಳಂಗಿಲ್ಲ ಮೇಷ್ಟ್ರೆ."

ಪಂದ್ಯ ನಿಂತಿತು. ಅಂಜನಕುಮಾರ ಎಲ್ಲರೆದುರು ತೀರ್ಮಾನ ಹೇಳಿದ: ಒಂದು ವಾರ ಸಮಯ. ವಿಚಾರಣೆ ಮುಗಿಯುವ ತನಕ ನುಜತ್‌ಳ ದೋಣಿ ಬಳಗದ ವಶ. ಆರೋಪ ನಿಜವಾದರೆ ಆ ಮನೆಯವರ ದೋಣಿಗೆ ಇನ್ನು ಈ ನೀರಿಲ್ಲ, ಮಸ್ತಾನಸಾಬನ ಸೂಜಿಗೆ ಈ ಬಳಗದ ಹಾಯಿ ಇಲ್ಲ.

ನುಜತ್ ದೋಣಿಯನ್ನು ಒಪ್ಪಿಸುವಾಗ ಅಳಲಿಲ್ಲ. ಶಿವಯೋಗಪ್ಪನ ಮುಖವನ್ನೇ ನೋಡಿದಳು. ಅವನೇ ಕಣ್ಣು ತಿರುಗಿಸಿದ.

*

ಸೋಮವಾರ ಹತ್ತು ಗಂಟೆಗೆ ದಾವಣಗೆರೆಯ ಪಿ.ಜೆ. ಬಡಾವಣೆಯ ಶಿವಯೋಗಪ್ಪನ ಮನೆ ಬಾಗಿಲಿಗೆ ಓಬಕ್ಕ ಬಂದಳು.

"ಮೇಷ್ಟ್ರು ಕಳ್ಸಿದ್ರು. ಅರಿವಿ ನೋಡಿ ಬಾ ಅಂದ್ರು."

ಎಪ್ಪತ್ತರ ಹತ್ತಿರದ ಮುದುಕಿ. ನಿಟ್ಟುವಳ್ಳಿಯವಳು, ಅಂಜನಕುಮಾರನ ಮನೆಯ ಎದುರು ಮನೆ. ಕಾಟನ್ ಮಿಲ್ಲಿನ ಫೋಲ್ಡಿಂಗ್ ಖಾತೆಯಲ್ಲಿ ಮೂವತ್ತೊಂದು ವರ್ಷ ನಿಂತು, ಬೆಳಕಿನ ಮೇಜಿನ ಮೇಲೆ ಹರಿದು ಬರುವ ಬಟ್ಟೆಯಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸವಾಗಿತ್ತು. ಎಳೆ ತಪ್ಪಿದ್ದು, ಗಂಟು ಬಿದ್ದದ್ದು, ಎಣ್ಣೆ ಹತ್ತಿದ್ದು. ಮಿಲ್ಲು ಮುಚ್ಚಿತು, ಕಣ್ಣು ಮಾತ್ರ ಹಾಗೇ ಉಳಿಯಿತು. ನಿಟ್ಟುವಳ್ಳಿಯಲ್ಲಿ ಏನು ಕಳೆದರೂ ಮೊದಲು ಓಬಕ್ಕನನ್ನೇ ಕರೆಯುತ್ತಿದ್ದರು.

ಅವಳು ಅಂಗಳದಲ್ಲಿ ಒಂದು ಗಳಿಗೆ ನಿಂತಳು. ತಂತಿಯ ಮೇಲೆ ಶಿವಯೋಗಪ್ಪನ ನಾಲ್ಕು ಪಂಚೆ ಒಣಗುತ್ತಿದ್ದವು. ನೀಲಿ ಹಾಕಿ ಹಿಂಡಿದ ಪಂಚೆ, ಕಣ್ಣು ಕುಕ್ಕುವ ಬಿಳುಪು.

"ಬರ್ರಿ ಓಬಕ್ಕ, ಕೂಡ್ರಿ," ಅಂದ ಶಿವಯೋಗಪ್ಪ. "ಕಳ್ಳ ಯಾರು ಅಂತ ಗೊತ್ತೇ ಐತಿ, ಸುಮ್ನೆ ನಿಮಗೆ ತ್ರಾಸು."

"ಗೊತ್ತಿದ್ರೆ ಮೇಷ್ಟ್ರು ನನ್ನ ಯಾಕ ಕಳಿಸ್ತಿದ್ರು ಯಜಮಾನ್ರೆ? ಹಾಯಿ ಕೊಡ್ರಿ ಇತ್ತ."

ಬಾಗಿಲ ಬೆಳಕಿಗೆ ಹಾಯಿ ಎತ್ತಿ ಹಿಡಿದಳು. ತಿರುವಿದಳು. ಮಡಿಚಿ ಹೊಲಿದ ಅಂಚನ್ನು ಉಗುರಿನಿಂದ ಬಿಡಿಸಿ ಒಳಗೆ ಇಣುಕಿದಳು. ಮೂಸಿ ನೋಡಿದಳು. ಎಷ್ಟು ಹೊತ್ತು ಅಂದರೆ, ಬಸವಣ್ಣೆಮ್ಮ ಇಟ್ಟ ಮಂಡಕ್ಕಿ ಮೆತ್ತಗಾಯಿತು.

"ಏನು ಕಂಡ್ತು?"

"ಕಂಡಿದ್ದು ಆಮೇಲೆ. ಮೊದ್ಲು ಕೇಳೋದೈತೆ. ಗುರುವಾರ ಈ ಹಾಯಿ ಮನೆಗೆ ಬಂದಿದ್ದು ಹೆಂಗೆ?"

"ನಾನೇ ಹರಿಹರದಿಂದ ತಂದೆ, ಸಾಬ್ರ ಮನೆಯಿಂದ. ಕಂಬಕ್ಕೆ ಏರಿಸ್ದೆ. ಮೇಷ್ಟ್ರು ಸಂಜಿಗೆ ಬಂದು ಅಳತೆ ಬರ್ಕೊಂಡ್ರು. ಶುಕ್ರವಾರ ಹೋಗೋವಾಗ ಇವ್ಳಿಗೆ ನಾಲ್ಕು ಮಾತು ಹೇಳಿ ಹೋದೆ, ಜ್ವಾಪಾನ ಅಂತ."

"ದೋಣಿ ಎಲ್ಲಿಟ್ಟಿದ್ರಿ?"

"ದೇವರ ಮನ್ಯಾಗೆ. ಪಂದ್ಯಕ್ಕೆ ಹೋಗೋ ದೋಣಿ, ಒಂದು ದಿನ ದೇವರ ಮುಂದೆ ಇರ್ಲಿ ಅಂತ."

ಓಬಕ್ಕ ಬಸವಣ್ಣೆಮ್ಮನ ಕಡೆ ತಿರುಗಿದಳು. "ಅಮ್ಮಾರೆ, ಮಸ್ತಾನಸಾಬ್ರು ಶನಿವಾರ ಬಂದಾಗ ಎಲ್ಲಿ ಕುಂತಿದ್ರು?"

"ಹೊರಗ. ಕಟ್ಟಿ ಮ್ಯಾಲೆ."

"ಒಳಗೆ?"

"ಬರ್ಲಿಲ್ಲ. ಹಾಯಿಗೆ ಒಂದು ಮೇಲ್ದಾರ ಬೇಕಾಗತೈತಿ ಅಂತ ಕೊಟ್ಟು ಹೋದ್ರು."

"ನೀರು ಕೇಳಿದ್ರಾ? ಕೈಕಾಲು ತೊಳ್ಯಾಕೆ ಹಿತ್ತಲಿಗೆ?"

"ಇಲ್ಲ. ಅವ್ರು ಯಾವತ್ತೂ ಒಳಗೆ ಬರಂಗಿಲ್ಲ."

"ಯಾವತ್ತೂ ಅಂದ್ರೆ?"

ಬಸವಣ್ಣೆಮ್ಮ ಗಂಡನ ಕಡೆ ನೋಡಿದಳು. ಶಿವಯೋಗಪ್ಪನೇ ಉತ್ತರಿಸಿದ. "ಮೂವತ್ತು ವರ್ಷದಿಂದ ಕಟ್ಟಿ ಮ್ಯಾಲೇ ಕೂಡ್ತಾರೆ. ಅವ್ರಿಗೆ ಅದೇ ರೂಢಿ."

"ಅವ್ರಿಗೋ, ನಿಮಗೋ?"

ಶಿವಯೋಗಪ್ಪ ಹೊರಗಿನ ಕಟ್ಟೆಯ ಕಡೆ ನೋಡಿದ. ಮೂವತ್ತು ವರ್ಷ ಪಡಸಾಲೆಗೆ ಕಾಲಿಡದ ಮನುಷ್ಯ ಒಂದು ಶನಿವಾರ ಮಧ್ಯಾಹ್ನ ದೇವರ ಮನೆಗೆ ನುಗ್ಗಿ ಹಾಯಿ ಬದಲಿಸಿದ ಅಂತ ತಾನು ನಲವತ್ತು ಜನರೆದುರು ಕೂಗಿದೆನಲ್ಲ? ಆಗ ಇದು ಯಾಕೆ ತಲೆಗೆ ಬರಲಿಲ್ಲ?

ಆದರೂ ಸೋಲೊಪ್ಪುವ ಮನಸ್ಸಾಗಲಿಲ್ಲ. "ಹಂಗಾದ್ರೆ ಗುರುವಾರಾನೇ ಏನೋ ಮೋಸ ಮಾಡ್ಯಾರೆ!"

"ಗುರುವಾರ ಸಂಜಿಗೆ ಮೇಷ್ಟ್ರು ಅಳೆದಾಗ ಸರಿ ಇತ್ತಲ್ರಿ?"

"...ಹೌದು."

"ಹಂಗಾರೆ ಸರಿ ಇದ್ದ ಹಾಯಿ ದೇವರ ಮನ್ಯಾಗೆ ಕುಂತು ಒಂದೂವರೆ ಇಂಚು ಗಿಡ್ಡ ಆತು." ಓಬಕ್ಕ ಎದ್ದಳು. "ನಾಳಿಗೆ ನನ್ನ ಹರಿಹರಕ್ಕೆ ಕರ್ಕೊಂಡು ಹೋಗ್ರಿ. ಅಮ್ಮಾರೂ ಬರ್ಲಿ."

"ಅವಳ್ಯಾಕ?"

"ಬರ್ಲಿ."

ಅಂದು ಊಟಕ್ಕೆ ಕೂತಾಗ ಬಸವಣ್ಣೆಮ್ಮ ಎರಡು ಸಲ ಏನೋ ಹೇಳಲು ಬಾಯಿ ತೆರೆದಳು. ಎರಡು ಸಲವೂ "ಸಾರು ಹಾಕ್ಲಾ?" ಅಂತ ಕೇಳಿ ಮುಗಿಸಿದಳು.

*

ಮಂಗಳವಾರ ಬಸ್ಸಿಳಿದು ಮೂವರೂ ಮಸ್ತಾನಸಾಬನ ಮನೆಗೆ ನಡೆದರು. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆ. ಶಿವಯೋಗಪ್ಪ ಇಲ್ಲಿಗೆ ನೂರು ಸಲ ಬಂದವನು, ಒಳಗೆ ಕುರ್ಚಿಯ ಮೇಲೆ ಕೂತು ಗಂಟೆಗಟ್ಟಲೆ ಹರಟಿದವನು. ಇವತ್ತು ಹೊಸ್ತಿಲ ಹತ್ತಿರ ಅವನ ಕಾಲು ತಡೆಯಿತು.

"ಬರ್ರಿ ಸಾವ್ಕಾರ್ರೆ," ಅಂದ ಮಸ್ತಾನಸಾಬ್. ಎಂದಿನ ದನಿಯೇ. ಅದು ಬೈಗುಳಕ್ಕಿಂತ ಕಷ್ಟವಾಯಿತು. "ಅಮ್ಮಾರೂ ಬಂದಾರೆ! ಬೇಟಿ, ಚಾ ಇಡು."

"ಇಡ್ತೀನಿ," ಅಂದಳು ನುಜತ್. "ಕಳ್ಳರ ಮನೆ ಚಾ ಕುಡೀತಾರಾ ಕೇಳು ಮೊದ್ಲು."

"ನುಜತ್!"

"ಬಿಡ್ರಿ, ಬಾಯಿ ಇರೋ ಹುಡುಗಿ ಚಲೋ," ಅಂದಳು ಓಬಕ್ಕ. "ಬೇಟಿ, ಚಾ ಇಟ್ಟು, ಇನ್ನೊಂದು ಪಾತ್ರ್ಯಾಗೆ ನೀರೂ ಕಾಯಿಸು. ಕುದೀಲಿ. ಸಾಬ್ರೆ, ಹಾಯಿ ಹೊಲಿದ ಅರಿವಿ ಯಾವುದು?"

"ಕೋರಾ. ಮಿಲ್ಲು ಮುಚ್ಚೋವಾಗ ತಗೊಂಡಿಟ್ಟಿದ್ದ ಅರಿವಿ ತಾನು. ಮಗ್ಗದಿಂದ ಇಳಿಸಿದ್ದು, ನೀರು ಕಂಡಿಲ್ಲ, ಬಣ್ಣ ಕಂಡಿಲ್ಲ. ಗಾಳಿ ಹಿಡೀಲಿ ಅಂತ ಮ್ಯಾಲೆ ಜೇನುಮೇಣ ತಿಕ್ತೀನಿ. ಅದಕ್ಕೇ ಹಳದಿ."

"ದಾರ?"

"ಪಾಲಿಸ್ಟರ್. ಷಾಮಿಯಾನ ಹೊಲಿಯೋದು. ಹೊಳೆ ಗಾಳಿಗೆ ನೂಲಿನ ದಾರ ತಡಿಯಂಗಿಲ್ಲ."

"ಇವರ ಹಾಯಿಗೂ, ನುಜತ್‌ಳ ಹಾಯಿಗೂ ಅದೇ ತಾನು, ಅದೇ ದಾರ?"

"ಒಂದೇ ದಿನ ಕತ್ತರಿಸಿದ್ದು. ಒಂದೇ ಮಾದರಿ ಕಾಗದ."

"ಕತ್ತರಿಸಿ ಉಳಿದ ತುಂಡು ಐತೇನು?"

ಮಸ್ತಾನಸಾಬ್ ಒಂದು ಕ್ಷಣ ಅವಳನ್ನು ನೋಡಿದ. "ಬ್ಯಾಡ ಬಿಡು ಓಬಕ್ಕ," ಅಂದ ಮೆಲ್ಲಗೆ. "ಹಾಯಿ ಹೋದ್ರೆ ಹೋತು. ನಾ ಇನ್ನೊಂದು ಹೊಲಿದು ಕೊಡ್ತೀನಿ."

"ನಿನ್ನ ಹೆಸರು ಹೊಲಿದು ಕೊಡೋರು ಯಾರು? ತುಂಡು ತಗಿ."

ಅವನು ತೆಗೆದುಕೊಟ್ಟ. ಒಂದು ಪಟ್ಟಿ ಬಟ್ಟೆ. ಓಬಕ್ಕ ಟೇಪು ಹಿಡಿದು ಉದ್ದಕ್ಕೆ ಸರಿಯಾಗಿ ಹನ್ನೆರಡು ಇಂಚು ಕತ್ತರಿಸಿದಳು.

ನುಜತ್ ತಟ್ಟೆಯಲ್ಲಿ ಚಹಾ ತಂದಿಟ್ಟಳು. ಶಿವಯೋಗಪ್ಪ ಒಂದು ಲೋಟ ಎತ್ತಿಕೊಂಡ. ಓಬಕ್ಕ ಎತ್ತಿಕೊಂಡಳು. ಬಸವಣ್ಣೆಮ್ಮನ ಕೈ ಮಡಿಲಲ್ಲೇ ಉಳಿಯಿತು. "ನನಗ ಪಿತ್ತ," ಅಂದಳು ಯಾರೂ ಕೇಳದೆ. ಬೆಳಿಗ್ಗೆಯಷ್ಟೇ ಎರಡು ಲೋಟ ಕುಡಿದಿದ್ದಳು. ಶಿವಯೋಗಪ್ಪ ಅವಳತ್ತ ನೋಡಿದ. ಓಬಕ್ಕನೂ ನೋಡಿದಳು.

ಆಮೇಲೆ ಮುದುಕಿ ಆ ಪಟ್ಟಿಯನ್ನು ಕುದಿಯುವ ನೀರಿಗೆ ಹಾಕಿದಳು. ತಿಕ್ಕಿದಳು, ಹಿಂಡಿದಳು, ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒಣಗಿಸಿದಳು. ಮೇಜಿನ ಮೇಲೆ ಹರಡಿ ಟೇಪು ಇಟ್ಟಳು.

"ಬೇಟಿ, ಓದು."

ನುಜತ್ ಬಗ್ಗಿದಳು. "ಹನ್ನೊಂದೂ... ಕಾಲು." ಮತ್ತೆ ನೋಡಿದಳು. "ಮುಕ್ಕಾಲು ಇಂಚು ಕಡಿಮೆ!"

"ಹನ್ನೆರಡು ಇಂಚಿಗೆ ಮುಕ್ಕಾಲು. ಇಪ್ಪತ್ನಾಲ್ಕಕ್ಕೆ?"

"ಒಂದೂವರೆ," ಅಂದಳು ನುಜತ್. ಅವಳ ದನಿ ತಗ್ಗಿತು.

ಶಿವಯೋಗಪ್ಪ ಲೋಟ ಕೆಳಗಿಟ್ಟ.

"ಹಾಯಿ ಯಾರೂ ಕದ್ದಿಲ್ಲ ಯಜಮಾನ್ರೆ," ಓಬಕ್ಕ ಹೇಳತೊಡಗಿದಳು. "ಬದ್ಲೂ ಮಾಡಿಲ್ಲ. ಈ ಬಿಳಿ ಹಾಯಿನೇ ಅದು. ಕೋರಾ ಅರಿವಿ ಮೊದಲ್ನೇ ನೀರಿಗೆ ಕುಗ್ಗತೈತಿ. ಮಗ್ಗದಾಗೆ ಉದ್ದದ ಎಳೆ ಬಿಗಿದು ಎಳ್ದಿರ್ತಾರೆ, ಅದಕ್ಕೇ ಉದ್ದಕ್ಕೆ ಜಾಸ್ತಿ ಕುಗ್ಗತೈತಿ, ಅಗಲಕ್ಕೆ ಕಮ್ಮಿ. ನಿಮ್ಮ ಹಾಯಿ ಎತ್ತರದಾಗೆ ಒಂದೂವರೆ ಹೋಗೈತೆ, ತಳದಾಗೆ ಬರೀ ಅರ್ಧ. ಬ್ಯಾರೆ ಹಾಯಿ ಹೊಲಿದು ಮೋಸ ಮಾಡೋನು ಆದ್ರೆ, ಮಾದರಿ ಕಾಗದ ಅವನ ಹತ್ರಾನೇ ಐತೆ. ಸರಿ ಅಳತೆಗೇ ಹೊಲಿದು ಇಡ್ತಿದ್ದ. ಗಿಡ್ಡ ಯಾಕ ಹೊಲೀತಾನೆ?"

"ಆದ್ರೆ ಬರೀ ಅಳತೆ ನೋಡಿ—"

"ಬರೀ ಅಳತೆ ಅಲ್ಲ. ಎಲ್ಲಾರೂ ಅರಿವಿ ಅಳೆದ್ರಿ, ಹೊಲಿಗಿ ಯಾರೂ ನೋಡ್ಲಿಲ್ಲ." ಅವಳು ಬಿಳಿ ಹಾಯಿಯ ಅಂಚನ್ನು ಅವನ ಮುಂದೆ ಹಿಡಿದಳು. "ಇಲ್ಲಿ ನೋಡ್ರಿ. ಇಸ್ತ್ರಿ ಮಾಡಿದ್ರೂ ಅಂಚಿನ ದಾರ ಪೂರಾ ಸಡಿಲಾಗಿ ಎದ್ದೈತೆ. ಯಾಕ? ಅರಿವಿ ಕುಗ್ತು, ಪಾಲಿಸ್ಟರ್ ದಾರ ಕುಗ್ಗಲಿಲ್ಲ. ಅರಿವಿ ಗಿಡ್ಡ ಆತು, ದಾರ ಉದ್ದ ಉಳೀತು, ಅದಕ್ಕೇ ಸಡಿಲ. ಹೊಸದಾಗಿ ಗಿಡ್ಡ ಹೊಲಿದಿದ್ರೆ ಹೊಲಿಗಿ ಸಪಾಟ ಇರ್ತಿತ್ತು. ಇದನ್ನ ಹೊಲಿದ ಮ್ಯಾಲೆ ಯಾರೋ ತೊಳ್ದಾರೆ. ಬಿಸಿನೀರಾಗೆ, ಸೋಪಿನ ಪುಡಿ ಹಾಕಿ. ಮೇಣ ಎಲ್ಲಾ ಬಿಟ್ಟುಹೋಗೈತೆ. ಮಡಿಕಿ ಒಳಗೆ ನೋಡ್ರಿ."

ಮಡಿಕೆಯ ಒಳಗೆ, ಹೊಲಿಗೆಯ ಉದ್ದಕ್ಕೂ, ಕೂದಲೆಳೆಯಂಥ ಒಂದು ನೀಲಿ ಗೆರೆ ಇತ್ತು.

ಶಿವಯೋಗಪ್ಪ ತನ್ನ ಪಂಚೆಯನ್ನು ನೋಡಿಕೊಂಡ. ನೋಡದೇ ಇದ್ದರೆ ಚೆನ್ನಾಗಿತ್ತು.

"ಶುಕ್ರವಾರ ಮುಂಜಾನೆಯಿಂದ ಶನಿವಾರ ಸಂಜಿ ತನಕ ಮನ್ಯಾಗೆ ಒಬ್ರೇ ಇದ್ದೋರು ಯಾರು?" ಓಬಕ್ಕನ ದನಿ ಗಟ್ಟಿಯಾಗಿರಲಿಲ್ಲ. "ತೊಳೆದ ಕೈ ಅಮ್ಮಾರದ್ದು."

ಬಸವಣ್ಣೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಗಿಡ್ಡ ಆಗತೈತಿ ಅಂತ ನನಗೆ ಗೊತ್ತಿರ್ಲಿಲ್ಲ," ಅಂದಳು. "ಕಟ್ಟೋವಾಗ ದಾರ ಸಾಲ್ಲಿಲ್ಲ, ಎಳೆದು ಕಟ್ಟಿದೆ. ಅವತ್ತು ಹೊಳಿದಂಡ್ಯಾಗೆ ಗೊತ್ತಾತು. ಆದ್ರೆ ಅಷ್ಟು ಜನ... ಯಾಕ ತೊಳೆದೆ ಅಂತ ಕೇಳಿದ್ರೆ..."

"ಯಾಕ ತೊಳೆದ್ರಿ?" ಕೇಳಿದಳು ನುಜತ್.

ಹೊರಗೆ ಒಂದು ಆಟೋ ಹಾರನ್ ಬಾರಿಸುತ್ತ ಹೋಯಿತು.

"ಹೊಲಸಾಗಿತ್ತೇನು? ಹೊಸಾ ಹಾಯಿ! ನಮ್ಮ ದಾದಾ ಕೈಯಿಂದ ಆಗಷ್ಟೇ ಬಂದಿದ್ದು!" ಹೇಳುತ್ತಲೇ ಹುಡುಗಿ ನಿಂತುಬಿಟ್ಟಳು. ಅವಳ ಕಣ್ಣು ಮುಟ್ಟದೆ ಉಳಿದ ಚಹಾದ ಲೋಟದ ಮೇಲೆ ಹೋಯಿತು. ಉತ್ತರ ಅಲ್ಲೇ ಆರುತ್ತಿತ್ತು.

"ದೇವರ ಮನ್ಯಾಗೆ ಇಡಬೇಕಿತ್ತು," ಅಂದಳು ಬಸವಣ್ಣೆಮ್ಮ, ನೆಲ ನೋಡುತ್ತ.

ಶಿವಯೋಗಪ್ಪನಿಗೆ ಒಮ್ಮೆಲೇ ಸಿಟ್ಟು ಬಂತು. ಹೆಂಡತಿಯ ಮೇಲೆ ಬಂದ ಸಿಟ್ಟು. ಅದು ಹಿತವಾಗಿತ್ತು, ಅದರ ಹಿಂದೆ ನಿಂತುಕೊಳ್ಳಬಹುದಾಗಿತ್ತು. "ಏನ್ ಕೆಲಸ ಮಾಡ್ದೆ ನೀನು! ಮೂವತ್ತು ವರ್ಷದ ಸ್ನೇಹ! ಈ ಕಾಲದಾಗೆ ಯಾರಾದ್ರೂ ಹಿಂಗೆ—"

"ಯಜಮಾನ್ರೆ," ಓಬಕ್ಕ ತಡೆದಳು. "ನನ್ನ ಕೆಲ್ಸ ಇನ್ನೂ ಮುಗಿದಿಲ್ಲ. ತೊಳೆದ ಕೈ ಅವರದ್ದು ಅಂದೆ. ತೊಳೆಸಿದ್ದು ಯಾರು ಅಂತ ಹೇಳಿಲ್ಲ."

"ಅಂದ್ರೆ?"

"ಶುಕ್ರವಾರ ಹೋಗೋವಾಗ ನಾಲ್ಕು ಮಾತು ಹೇಳಿ ಹೋದೆ ಅಂದ್ರಿ. ಆ ನಾಲ್ಕನ್ನೂ ಹೇಳ್ರಿ."

ಅವನು ಬೆರಳು ಮಡಿಸುತ್ತ ಹೇಳತೊಡಗಿದ. 'ಪೆಟ್ಟಿಗೆಗೆ ಪಟ್ಟಿ ಬಿಗಿ' — ಒಂದು. 'ಬೆಕ್ಕು ಬಾರದಂಗೆ ಬಾಗಿಲು ಹಾಕ್ಕೊ' — ಎರಡು. 'ದೀಪ ದೂರ ಇಡು, ಬಣ್ಣ ಕರಗತೈತಿ' — ಮೂರು. ನಾಲ್ಕನೆಯದು ಚಪ್ಪಲಿ ಮೆಟ್ಟಿಕೊಳ್ಳುತ್ತ, ಬೆನ್ನು ತಿರುಗಿಸಿಕೊಂಡು ಹೇಳಿದ್ದು. ಹೇಳಿದ ಗಳಿಗೆಗೇ ಮರೆತಿದ್ದು. ಈಗ ಒಂದೊಂದು ಅಕ್ಷರವೂ ನೆನಪಿಗೆ ಬಂತು.

'ಹಾಯಿ ಸಾಬ್ರ ಮನೆಯಿಂದ ಬಂದಿದ್ದು. ನೋಡ್ಕೊಂಡು ಇಡು.'

ಹೆಂಡತಿಗೆ ಬೇರೇನು ಹೇಳಬೇಕಿತ್ತು? ನಲವತ್ತು ವರ್ಷದ ಸಂಸಾರ. ಅವನ ಅರ್ಧ ಮಾತಿಗೆ ಅವಳು ಪೂರ್ತಿ ಕೆಲಸ ಮಾಡಿ ಮುಗಿಸುತ್ತಿದ್ದಳು.

ಅವನ ಮುಖ ನೋಡಿ ಓಬಕ್ಕ ಮತ್ತೆ ಕೇಳಲಿಲ್ಲ. "ಬಸವ ಜಯಂತಿಗೆ ಎಷ್ಟು ಚಂದ ಭಾಷಣ ಮಾಡ್ತೀರಿ," ಅಂದಳು ಅಷ್ಟೇ. "ನಾನೂ ಕುಂತು ಕೇಳೀನಿ. ಜಾತಿ ಗೀತಿ ಬಿಡ್ರಿ ಅಂತೀರಿ. ಚಪ್ಪಾಳಿ ತಟ್ಟೀನಿ."

ಹೊಳೆದಂಡೆಯಲ್ಲಿ ತಾನು ಕೂಗಿದ ಕೂಗು ಈಗ ಶಿವಯೋಗಪ್ಪನಿಗೇ ಕೇಳಿಸಿತು. ಇನ್ನೊಬ್ಬರ ಬಾಯಿಂದ ಕೇಳಿದ ಹಾಗೆ, ಒರಟಾಗಿ, ಕರ್ಕಶವಾಗಿ.

"ಸಾಬ್ರೆ..." ಅಂದ ಶಿವಯೋಗಪ್ಪ. "ನಿಮಗೆ... ಅವತ್ತೇ ಗೊತ್ತಾಗಿತ್ತಾ?"

ಮಸ್ತಾನಸಾಬ್ ಪಟ್ಟಿ ಬಟ್ಟೆಯನ್ನು ಮಡಿಸುತ್ತಿದ್ದ. ನಾಲ್ಕು ಮಡಿಕೆ ಮಾಡಿ ಮೇಜಿನ ಮೂಲೆಗಿಟ್ಟ.

"ನನ್ನ ಹೊಲಿಗಿ ನನಗೆ ಗೊತ್ತಾಗಂಗಿಲ್ಲೇನು? ಬೆರಳು ಇಟ್ಟ ಕೂಡ್ಲೇ ಗೊತ್ತಾತು, ತೊಳ್ದಾರೆ ಅಂತ. ಅಮ್ಮಾರ ಮುಖ ನೋಡ್ದೆ, ಯಾಕ ತೊಳ್ದಾರೆ ಅಂತಾನೂ ಗೊತ್ತಾತು."

"ಮತ್ತೆ ಯಾಕ ಹೇಳ್ಲಿಲ್ಲ? ನಾನು ಅಷ್ಟು ಮಾತಾಡ್ದಾಗ—"

"ಏನಂತ ಹೇಳ್ಲಿ ಸಾವ್ಕಾರ್ರೆ? ನಾ ಮುಟ್ಟಿದ್ದು ಅಂತ ತೊಳ್ದಾರೆ, ಅಂತ ನನ್ನ ಬಾಯಿಂದ್ಲೇ ಅಷ್ಟು ಜನದ ಮುಂದೆ ಹೇಳ್ಲಾ? ಎದುರಿಗೆ ಮೊಮ್ಮಗಳು ನಿಂತಿದ್ಲು. ಕಳ್ಳ ಅನ್ನಿಸ್ಕೊಳ್ಳೋದು ಅದಕ್ಕಿಂತ ಹಗೂರ ಅನ್ನಿಸ್ತು."

ನುಜತ್ ಅಜ್ಜನ ಹಿಂದೆ ಹೋಗಿ ನಿಂತು, ಅವನ ಹೆಗಲ ಮೇಲೆ ಕೈಯಿಟ್ಟಳು. ಬಸವಣ್ಣೆಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ಹೋಗಿ ಸಮಾಧಾನ ಮಾಡುವ ಮುಖ ಶಿವಯೋಗಪ್ಪನಿಗೆ ಇರಲಿಲ್ಲ.

"ಭಾನುವಾರ ಎಲ್ಲಾರ ಮುಂದೆ ಹೇಳ್ತೀನಿ," ಅಂದ ಕೊನೆಗೆ.

"ಕೈತಪ್ಪಿ ನೀರು ಬಿತ್ತು ಅನ್ರಿ, ಸಾಕು," ಅಂದ ಮಸ್ತಾನಸಾಬ್. "ಹುಡುಗಿ ದೋಣಿ ಬಿಟ್ರೆ ಆತು. ಅಮ್ಮಾರ ಹೆಸರು ಬ್ಯಾಡ."

*

ಆ ವಾರವಿಡೀ ಶಿವಯೋಗಪ್ಪ 'ಕೈತಪ್ಪಿ ನೀರು ಬಿತ್ತು' ಎಂಬ ಮಾತನ್ನು ಬಾಯಲ್ಲಿ ತಿರುವಿಹಾಕಿದ. ಸರಳ ಮಾತು. ಯಾರಿಗೂ ನೋವಿಲ್ಲ. ಕೊಟ್ಟವನೂ ಮಸ್ತಾನಸಾಬನೇ.

ಭಾನುವಾರ ಅಂಜನಕುಮಾರ ಅವನ ಕೈಗೆ ಮೈಕು ಕೊಟ್ಟ. ಮೆಟ್ಟಿಲ ಮೇಲೆ ಅದೇ ಜನ, ಇನ್ನೂ ಹತ್ತು ಜನ ಹೆಚ್ಚು. ವಿಷಯ ಹಬ್ಬಿತ್ತು.

"ನನ್ನ ಹಾಯಿ ಯಾರೂ ಕದ್ದಿಲ್ಲ," ಅಂದ. "ಮಸ್ತಾನಸಾಬ್ರ ಮ್ಯಾಲೆ ನಾ ಮಾಡಿದ ಆರೋಪ ಸುಳ್ಳು. ಹಾಯಿ ನೀರು ಕಂಡು ಕುಗ್ಗಿದ್ದು. ನಮ್ಮನ್ಯಾಗೇ..."

ಮುಂದಿನ ಮಾತು ಸಿದ್ಧವಾಗಿ ನಾಲಗೆಯ ತುದಿಯಲ್ಲಿತ್ತು. ಕೆಳಗೆ ನುಜತ್ ನಿಂತಿದ್ದಳು, ಬರಿಗೈಯಲ್ಲಿ. ಅವಳು ಅವನನ್ನು ನೋಡುತ್ತಿರಲಿಲ್ಲ. ನೀರು ನೋಡುತ್ತಿದ್ದಳು. ಈತ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

"ನಮ್ಮನ್ಯಾಗೇ ತೊಳೆದ್ವಿ," ಅಂದ ಶಿವಯೋಗಪ್ಪ. "ಕೈತಪ್ಪಿ ಅಲ್ಲ. ಅವ್ರ ಮನೆಯಿಂದ ಬಂತು ಅಂತ ತೊಳೆದ್ವಿ. ದೇವರ ಮುಂದೆ ಇಡಾಕೆ. ಹೇಳಿದೋನು ನಾನು."

ಚಪ್ಪಾಳೆ ಬೀಳಲಿಲ್ಲ. ಯಾರೋ ಕೆಮ್ಮಿದರು. ಯಾರೋ ಹಿಂದೆ, "ಇದನ್ನೆಲ್ಲ ಮೈಕಿನಾಗೆ ಹೇಳಬೇಕಾ?" ಅಂತ ಗೊಣಗಿದರು. ಬಸವಣ್ಣೆಮ್ಮ ಮೇಲಿನ ಮೆಟ್ಟಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದಳು. ಅಂಜನಕುಮಾರ ಮೈಕು ಇಸಿದುಕೊಂಡು, ಏನು ಮಾಡಬೇಕೋ ತಿಳಿಯದೆ, ಸೀಟಿ ಊದಿದ. ನುಜತ್‌ಳ ದೋಣಿ ಅವಳ ಕೈಗೆ ಬಂತು.

ದೋಣಿಗಳು ನೀರಿಗಿಳಿದವು. ಗಾಳಿ ಚೆನ್ನಾಗಿತ್ತು. ಎಲ್ಲರೂ ಕೂಗುತ್ತ ದಂಡೆಯುದ್ದಕ್ಕೂ ಓಡಿದರು. ಶಿವಯೋಗಪ್ಪ ಓಡಲಿಲ್ಲ; ಅವನ ದೋಣಿ ಪಂದ್ಯದಲ್ಲಿರಲಿಲ್ಲ. ಮೆಟ್ಟಿಲ ಮೇಲೆಯೇ ಕೂತ. ಮಸ್ತಾನಸಾಬನೂ ಓಡಲಿಲ್ಲ; ಮಂಡಿ ನೋವು. ಇಬ್ಬರ ನಡುವೆ ಎರಡು ಮೆಟ್ಟಿಲಿದ್ದವು.

"ಸಾಬ್ರೆ," ಅಂದ ಶಿವಯೋಗಪ್ಪ. "ಮುಂದಿನ ವರ್ಷ ನನ್ನ ದೋಣಿಗೆ ಹಾಯಿ ಹೊಲಿದುಕೊಡ್ತೀರಾ?"

ಮಸ್ತಾನಸಾಬ್ ಹಣೆಗೆ ಕೈ ಅಡ್ಡ ಹಿಡಿದು ನುಜತ್‌ಳ ಹಾಯಿ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದ. ಅದು ಮೂರನೆಯದಾಗಿ ಹೋಗುತ್ತಿತ್ತು.

"ಈಗ್ಲೇ ಕೇಳಬ್ಯಾಡ್ರಿ ಸಾವ್ಕಾರ್ರೆ," ಅಂದ, ಕಣ್ಣು ತೆಗೆಯದೆ. "ಇನ್ನೂ ಒಂದು ವರ್ಷ ಐತೆ."